ಕೆಂಪು ಗುಂಡಿ

ನಂಬದವರು ಈಗಲೇ ಎದ್ದು ಹೋಗಿ ಮಲಗಿ. ಅರ್ಧಕ್ಕೆ ಯಾರಾದರೂ ನಕ್ಕರೆ ನಾನು ಮುಂದೆ ಹೇಳುವುದಿಲ್ಲ. ಇದು ಎಲ್ಲೋ ಯಾರಿಗೋ ಆದದ್ದಲ್ಲ, ತಡವಳದ ನಮ್ಮ ಸುಮಿತ್ರಾಬಾಯಿಗೆ ಆದದ್ದು. ನನ್ನ ಸ್ವಂತ ಸೋದರತ್ತೆ ಮಗಳು. ಸುಳ್ಳು ಹೇಳುವ ಹೆಂಗಸಲ್ಲ, ಹೆದರುವ ಹೆಂಗಸಂತೂ ಮೊದಲೇ ಅಲ್ಲ.

ಅವತ್ತು ಅಕ್ಕಲಕೋಟೆಯ ಕಡೇ ಬಸ್ಸಿನಿಂದ ಇಳಿದು ಒಬ್ಬಳೇ ಮನೆಗೆ ಹೊರಟಿದ್ದಳು. ಊರ ಹೊರಗೆ ಹಾಳು ಬಾವಿ, ಬಾವಿಯ ಪಕ್ಕ ಆಲದ ಮರ, ಮರದ ಕೆಳಗೆ ಅವಳದೇ ತಗಡಿನ ಶೆಡ್ಡು. ಅದರೊಳಗೆ ಲಗ್ನಗಳಿಗೆ ಬಾಡಿಗೆಗೆ ಹೋಗುವ ಡೀಸೆಲ್ ಜನರೇಟರ್. ಮಷೀನು ಬಂದ್. ಬಾಗಿಲಿಗೆ ಕೀಲಿ ಹಾಕಿತ್ತು. ಕೀಲಿಕೈ ಅವಳ ಸೆರಗಿನ ಗಂಟಿನಲ್ಲಿ.

ಬಾವಿ ದಾಟಿದಳು... ಶೆಡ್ಡಿನೊಳಗಿಂದ ಸಪ್ಪಳ.

ಖಟ್.

ಇಲಿಯ ಸಪ್ಪಳವಲ್ಲ. ಗಾಳಿಗೆ ತಗಡು ಬಡಿದದ್ದೂ ಅಲ್ಲ. ಜನರೇಟರಿನ ಮುಂಭಾಗದಲ್ಲಿ ಮುಳ್ಳು, ದೀಪ ಎಲ್ಲ ಇರುವ ಒಂದು ಪೆಟ್ಟಿಗೆ ಇರುತ್ತದಲ್ಲ, ಪ್ಯಾನೆಲ್ಲು, ಅದರ ಮೇಲೊಂದು ಕೆಂಪು ಗುಂಡಿ ಇರುತ್ತದೆ, ಅಣಬೆಯ ಹಾಗೆ ಉಬ್ಬಿದ್ದು. ಅಪಾಯ ಬಂದಾಗ ಅದನ್ನು ಗುದ್ದಿದರೆ ಮಷೀನು ನಿಂತುಬಿಡುತ್ತದೆ. ಒತ್ತಿದ ಗುಂಡಿ ಒಳಗೇ ಕೂರುತ್ತದೆ. ಕೈಯಿಂದ ತಿರುವಿದರೆ ಮಾತ್ರ ಹೊರಗೆ ಬರುತ್ತದೆ. ಆ ಗುಂಡಿಯ ಸಪ್ಪಳ ಅದು.

ಕೀಲಿ ತೆಗೆದು ಮೊಬೈಲಿನ ಬೆಳಕು ಬಿಟ್ಟು ನೋಡಿದಳು. ಯಾರೂ ಇಲ್ಲ... ಗುಂಡಿ ಮಾತ್ರ ಒಳಗೆ ಕೂತಿತ್ತು.

ಬೇರೆಯವರಾಗಿದ್ದರೆ ಚಪ್ಪಲಿ ಅಲ್ಲೇ ಬಿಟ್ಟು ಓಡುತ್ತಿದ್ದರು. ಇವಳು ಗುಂಡಿ ತಿರುವಿ ಹೊರಗೆ ತಂದು, ಕತ್ತಲಿಗೆ ಮೆಲ್ಲಗೆ ಹೇಳಿದಳಂತೆ:

"ನೀವೇ ಅಂತ ಗೊತ್ತೈತ್ರಿ. ನಾ ಬಿಡೂದಿಲ್ಲ."

ಹೇಳಿದ್ದು ಗಂಡ ಕಲ್ಯಾಣಪ್ಪನಿಗೆ. ಅವನು ಸತ್ತು ವರ್ಷವಾಗಿತ್ತು.

ಸತ್ತದ್ದೂ ಇದೇ ಮಷೀನಿನ ಮುಂದೆ. ಅಂಗೈಯಲ್ಲಿ ತಂಬಾಕು, ಸುಣ್ಣ ತಿಕ್ಕುತ್ತಲೇ ಮಷೀನು ನಡೆಸುವ ಚಾಳಿ ಅವನದು. ಅವತ್ತು ಸಂಜೆಯ ಗೋರಜ ಮುಹೂರ್ತದ ಲಗ್ನ. ಊರಲ್ಲಿ ಕರೆಂಟಿಲ್ಲ. ಅಕ್ಷತಾ ಬೀಳುವಾಗ ದೀಪ ಆರಿದರೆ ಹೆಣ್ಣಿನ ಬಾಳೇ ಕತ್ತಲೆ ಅನ್ನುವ ಜನ ನಮ್ಮವರು. ಎಂಜಿನ್ನಿನ ಆಯಿಲ್ ಒತ್ತಡ ಇಳಿದರೆ ಮಷೀನು ತಾನೇ ನಿಲ್ಲಲಿ ಅಂತ ಪ್ಯಾನೆಲ್ಲಿನಲ್ಲಿ ಒಂದು ಸೇಫ್ಟಿ ಇಟ್ಟಿರುತ್ತಾರೆ. ಅದು ಅವತ್ತು ಮತ್ತೆ ಮತ್ತೆ ನಿಲ್ಲಿಸಿತು. ಜನ ಬಾಯಿಗೆ ಬಂದ ಹಾಗೆ ಬೈದರು. ಕಲ್ಯಾಣಪ್ಪ ತುಂಡು ವಾಯರು ಹಚ್ಚಿ ಸೇಫ್ಟಿಯ ಬಾಯಿ ಮುಚ್ಚಿದ. ಬಾಡಿಗೆ ಜನರೇಟರಿನವರು ಸುಮಾರು ಜನ ಮಾಡುವುದೇ ಅದು. ದೀಪ ಆರಲಿಲ್ಲ. ಆಯಿಲ್ ಪೈಪು ಒಡೆದು, ಕಾದ ಸೈಲೆನ್ಸರಿನ ಮೇಲೆ ಎಣ್ಣೆ ಚಿಮ್ಮಿ, ಬೆಂಕಿ ಅವನ ಮೈಗೇ ಬಂತು.

ಆಮೇಲೆ ಊರ ಬಾಯಿ ಮುಚ್ಚುವವರು ಯಾರು? ಕಲ್ಯಾಣಪ್ಪ ಮಷೀನಿನೊಳಗೆ ಕೂತಿದ್ದಾನೆ ಅಂದರು. ಒಬ್ಬರೂ ಬಾಡಿಗೆಗೆ ಕರೆಯಲಿಲ್ಲ. ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಿಬಿಡೋಣ ಅಂತ ಮೈದುನ ಕಲ್ಲಣ್ಣ ದಿನಾ ಅವಳ ಜೀವ ತಿಂದ. ಸುಮಿತ್ರಾಬಾಯಿ ಕೇಳಬೇಕಲ್ಲ. ಮಷೀನನ್ನು ಸೋಲಾಪುರಕ್ಕೆ ಎಳೆಸಿ ರಿಪೇರಿ ಮಾಡಿಸಿದಳು, ಗ್ಯಾರೇಜಿನಲ್ಲಿ ನಿಂತು ನಡೆಸುವುದನ್ನೂ ಕಲಿತಳು. ಅವಳಿಗೆ ಹೊಲವಿಲ್ಲ, ಬೇರೆ ದುಡಿಮೆಯಿಲ್ಲ. ಮಷೀನು ನಡೆದರೆ ಮಾತ್ರ ಒಲೆ ಹತ್ತುವುದು.

ಕಡೆಗೆ ನಾಗಣಸೂರಿನ ಬೀರಣ್ಣ ಧೈರ್ಯ ಮಾಡಿ ಮಗಳ ಲಗ್ನಕ್ಕೆ ಕರೆದ. ಈ ಲಗ್ನದಲ್ಲಿ ಮಷೀನು ಕೈಕೊಟ್ಟರೆ ಮಾರನೇ ದಿನವೇ ಭಂಗಾರದವನನ್ನು ಕರೆತರುತ್ತೇನೆ ಅಂದ ಕಲ್ಲಣ್ಣ. ತರು ಅಂದಳು. ಅದೇ ಹೊತ್ತಿಗೆ ದಿನಾ ರಾತ್ರಿ ಈ 'ಖಟ್' ಶುರುವಾಗಿತ್ತು. ಬದುಕಿದ್ದಾಗ ಮಷೀನು ಮುಟ್ಟಗೊಡಲಿಲ್ಲ, ಸತ್ತ ಮೇಲೂ ಮುಟ್ಟಗೊಡುವುದಿಲ್ಲ ಅಂತ ಅವಳಿಗೆ ಗಂಡನ ಮೇಲೆ ಕಡುಕೋಪ.

ಲಗ್ನದ ದಿನ ಸಂಜೆ ಮುಹೂರ್ತದ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಅವಳು ಮಷೀನು ಚಾಲೂ ಮಾಡಿದಳು. ಡುಗು ಡುಗು ಡುಗು... ಮಂಟಪ ಝಗ್ಗನೆ ಹತ್ತಿತು. ಮಂಗಳಾಷ್ಟಕ ಶುರುವಾಯಿತು. ಜನ ಅಕ್ಷತಾ ಹಿಡಿದು ನಿಂತರು.

ಆಯಿಲ್ ಒತ್ತಡದ ಮುಳ್ಳು ಕೆಳಗಿಳಿಯತೊಡಗಿತು... ಕೆಂಪು ದೀಪ ಹತ್ತಿತು. ಪೀಂ... ಪೀಂ... ಮಷೀನು ನಿಂತಿತು.

ಬೀರಣ್ಣ ಕೂಗುತ್ತ ಓಡಿಬಂದ. ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ ಕಲ್ಲಣ್ಣ ಅವಳ ಕಿವಿಯ ಹತ್ತಿರ ಬಗ್ಗಿದ.

"ವಾಯರ್ ಹಚ್ರಿ, ವೈನಿ. ಅಣ್ಣ ಹಚ್ಚತಿದ್ದಿಲ್ಲೇನು?"

ಮಧ್ಯಾಹ್ನವೇ ಅಳತೆಯ ಕಡ್ಡಿ ಎಳೆದು ಆಯಿಲ್ ನೋಡಿದ್ದಳು, ತುಂಬಿತ್ತು. ಹಾಗಾದರೆ ಇದೂ ಗಂಡನದೇ ಆಟ ಅಂದುಕೊಂಡಳು. ಸಿಟ್ಟಿನಲ್ಲಿ ಅವನು ಮಾಡಿದ್ದನ್ನೇ ಮಾಡಿದಳು. ವಾಯರು ಹಚ್ಚಿ ಚಾಲೂ ಮಾಡಿದಳು. ಬೆಳಕು ಬಂತು. ಜನ ಹೋ ಅಂದರು.

ಖಟ್.

ಬೆಳಕು ಆರುವ ಮುಂಚೆ ಅವಳೂ ಕಲ್ಲಣ್ಣನೂ ನೋಡಿದರು. ಗುಂಡಿ ಕಣ್ಣೆದುರೇ ಒಳಗೆ ಹೋಯಿತು. ಕಲ್ಲಣ್ಣನ ಎರಡೂ ಕೈ ಅವನ ಕಂಕುಳಲ್ಲೇ ಇದ್ದವು.

ತಿರುವಿದಳು. ಚಾಲೂ ಮಾಡಿದಳು. ಖಟ್.

"ನನ್ನ ರೊಟ್ಟಿ ಕಸ್ಗೋಬ್ಯಾಡ್ರಿ," ಅಂದಳು ಹಲ್ಲು ಕಚ್ಚಿ. ಮತ್ತೆ ತಿರುವಲು ಹೋದರೆ ಗುಂಡಿ ತಿರುಗಲೊಲ್ಲದು. ಯಾರೋ ಅದರ ಮೇಲೆ ಕೈಯಿಟ್ಟು ಬಲವಾಗಿ ಒತ್ತಿ ಹಿಡಿದ ಹಾಗಿತ್ತು. ಅಷ್ಟರಲ್ಲಿ ಇನ್ನೊಂದು ಸಪ್ಪಳ... ಚುಂಯ್... ಚುಂಯ್... ಕಾದ ಹಂಚಿನ ಮೇಲೆ ಎಣ್ಣೆ ಬಿದ್ದ ಹಾಗೆ.

ಬೆಳಕು ಬಿಟ್ಟು ನೋಡಿದಳು. ಆಯಿಲ್ ಪೈಪು ಉದ್ದಕ್ಕೆ ಸೀಳಿತ್ತು. ಎಣ್ಣೆ ಸೈಲೆನ್ಸರಿನ ಮೇಲೆ ಹನಿಯುತ್ತಿತ್ತು, ಹೊಗೆ ಏಳುತ್ತಿತ್ತು. ಅವಳು ಕೂತದ್ದು ಅದರ ಮಗ್ಗುಲಿಗೇ, ಅವತ್ತು ಗಂಡ ಕೂತಿದ್ದಲ್ಲಿ. ಅವನು ಯಾಕೆ ನಿಲ್ಲಿಸುತ್ತಿದ್ದ ಅಂತ ಆಗ ತಿಳಿಯಿತು. ಅಳು ಬಂತು. ಅಳಲಿಲ್ಲ.

ಮುಹೂರ್ತ ಮೀರುತ್ತದೆ, ಏನಾದರೂ ಮಾಡಿ ಚಾಲೂ ಮಾಡು ಅಂತ ಬೀರಣ್ಣ ಅರಚುತ್ತಲೇ ಇದ್ದ. ಸುಮಿತ್ರಾಬಾಯಿ ವಾಯರು ಕಿತ್ತು ಕಲ್ಲಣ್ಣನ ಕೈಯಲ್ಲಿಟ್ಟು ಎದ್ದು ನಿಂತಳು.

"ಹಚ್ಚೂದಿಲ್ರಿ. ಕತ್ತಲ್ಯಾಗ ಅಕ್ಷತಾ ಬಿದ್ರ ಯಾರೂ ಸಾಯಂಗಿಲ್ಲ. ಬೆಳಕಿನ್ಯಾಗ ಬಿದ್ದಾಗ ನಮ್ಮ ಮನ್ಯಾವ್ರು ಸತ್ತಾರ."

ಅಷ್ಟರಲ್ಲಿ ಅಂತರಪಾಟದ ಹಿಂದಿನಿಂದ ಮದುಮಗಳು ಪ್ರಾಜಕ್ತಾಳ ದನಿ ಬಂತು.

"ಬಾಬಾ, ಗಾಡಿ ಲೈಟ್ ಹಚ್ಚಸ್ರಿ. ನಿಂತು ಕಾಲ ನೋಯಾಕತ್ತಾವು."

ಬಂದವರ ಮೋಟರ್ ಸೈಕಲ್ಲುಗಳೆಲ್ಲ ಮಂಟಪಕ್ಕೆ ಮುಖ ಮಾಡಿ ನಿಂತವು. ಅಕ್ಷತಾ ಬಿತ್ತು. ಆ ಹುಡುಗಿಯ ಬಾಳೇನೂ ಕತ್ತಲೆಯಾಗಲಿಲ್ಲ. ಗಂಡನ ಮೇಲೆ ಜೋರು ಮಾಡಿಕೊಂಡು ಸುಖವಾಗಿದ್ದಾಳೆ. ಭಂಗಾರದ ಮಾತನ್ನು ಕಲ್ಲಣ್ಣ ಮತ್ತೆ ಎತ್ತಿಲ್ಲ. ಆ ಶೆಡ್ಡಿನ ಕಡೆ ಹಾಯುವುದೂ ಇಲ್ಲ.

ಮಾರನೇ ಬೆಳಿಗ್ಗೆ ಮಷೀನು ಶೆಡ್ಡಿಗೆ ಬಂದ ಮೇಲೆ ಅವಳು ಗುಂಡಿ ಮುಟ್ಟಿದಳು. ಸಲೀಸಾಗಿ ತಿರುಗಿತು. ಇನ್ನು ಮೇಲೆ ನಿಲ್ಲಿಸುವ ಹೊತ್ತಿಗೆ ನಾನೇ ನಿಲ್ಲಿಸುತ್ತೇನೆ, ನೀವು ಹೋಗ್ರಿ ಅಂದಳಂತೆ. ಪೈಪು ಹೊಸದು ಹಾಕಿಸಿದಳು. ಈಗ ಸುತ್ತಲಿನ ಊರಿನವರೂ ಅವಳನ್ನೇ ಕರೆಯುತ್ತಾರೆ. ವಾಯರು ಹಚ್ಚು ಅಂತ ಯಾರಾದರೂ ಬಾಯಿಬಿಟ್ಟರೆ ಮಷೀನಿನ ಟ್ರಾಲಿ ತಿರುಗಿಸಿಕೊಂಡು ಮನೆಗೆ ಹೊರಟುಬಿಡುತ್ತಾಳೆ.

ಹೋಗು ಅಂದರೆ ಅವನು ಹೋದನೋ ಇಲ್ಲವೋ, ನನ್ನನ್ನು ಕೇಳಬೇಡಿ. ಹೋದ ಶ್ರಾವಣದಲ್ಲಿ ನಾನೇ ಆ ಶೆಡ್ಡಿಗೆ ಹೋಗಿದ್ದೆ. ಸುಮಿತ್ರಾಬಾಯಿ ಎಲೆ, ಅಡಿಕೆ, ತಂಬಾಕು ಒಂದನ್ನೂ ಮುಟ್ಟುವವಳಲ್ಲ. ಬಾಗಿಲ ಕೀಲಿ ಅವಳೇ ನನ್ನೆದುರು ತೆಗೆದಳು. ಕೆಂಪು ಗುಂಡಿಯ ಮೇಲೆ ಹೆಬ್ಬೆರಳಗಲ ಬಿಳೀ ಗುರುತಿತ್ತು. ಒರೆಸಿ ನೋಡಿದೆ... ಸುಣ್ಣ. ಇನ್ನೂ ಹಸಿಯಾಗಿತ್ತು.