ಏಳನೇ ನಂಬರಿನ ಮೂರನೇ ಬಟನ್

...ಹಾಗಲ್ಲ ಕಣೇ ಪುಟ್ಟೀ, ನಾನು ಹೇಳೋದನ್ನ ಪೂರ್ತಿ ಕೇಳು. ಯಂತ್ರ ಅಂದ್ಮೇಲೆ ಒಂದಲ್ಲ ಒಂದಿನ ಕೈ ಕೊಡತ್ತೆ! ನಿನ್ನ ತಪ್ಪಲ್ಲ, ಯಾರ ತಪ್ಪೂ ಅಲ್ಲ. ಬಾ, ಮೇಲೆ ಬಾ, ಮೆಟ್ಟಿಲಲ್ಲೇ ಯಾಕೆ ನಿಂತೆ? ಹುಷಾರು, ಆ ಕೊನೇದು ಅಲ್ಲಾಡತ್ತೆ... ಹಾಂ, ನಿನಗೆ ನಾನು ಹೇಳ್ಬೇಕಾ! ಎಂಟು ವರ್ಷದವಳಿದ್ದಾಗಿಂದ ನನ್ನ ಬೆರಳು ಹಿಡ್ಕೊಂಡು ಈ ಅಟ್ಟ ಹತ್ತಿದವಳಿಗೆ. ಕೂತ್ಕೋ. ಬೆಂಚಿನ ಮೇಲೇ ಕೂತ್ಕೋ. ನಾನೇನು ನಿನ್ನ ತಿಂದುಬಿಡಲ್ಲ.

ಅಮ್ಮ ಹೇಗಿದ್ದಾಳೆ? ನಿನ್ನೆ ರಾತ್ರಿ ಫೋನ್ ಮಾಡಿದ್ರೆ ನನ್ನ ತಂಗಿ ಎತ್ತಲೇ ಇಲ್ಲ. ಒಡಹುಟ್ಟಿದ ಅಣ್ಣನ ಫೋನು! ಏನು, ಆರ್ಗನ್ ಕೆಟ್ಟರೆ ಅಣ್ಣನೂ ಕೆಟ್ಟವನಾ?... ಸರಿ, ನೀನೂ ಮಾತಾಡಲ್ಲ. ತಾಯಿಗೆ ತಕ್ಕ ಮಗಳು.

ಅಲ್ಲ ಕಣೇ, ಇಷ್ಟಕ್ಕೂ ಆ ಶಿಬಿರ ಏನು ಮಹಾ! "ಆರ್ಗನ್ ವಾದಕರ ಉನ್ನತ ಮಟ್ಟದ ಬೇಸಿಗೆ ಶಿಬಿರ" ಅಂತೆ! ಚರ್ಚಿನ ಬಾಗಿಲಿಗೆ ಪೋಸ್ಟರ್ ಅಂಟಿಸಿದಾಗಲೇ ನನಗೆ ನಗು ಬಂತು. ಮೂವತ್ತೊಂದು ವರ್ಷ ಈ ಬೆಂಚು ಸವೆಸಿದೀನಿ. ಊರಿನ ಅರ್ಧ ಜನಕ್ಕೆ ಮದುವೇಲಿ ನುಡಿಸಿದೀನಿ, ಇನ್ನರ್ಧಕ್ಕೆ ಮಣ್ಣು ಮಾಡೋವಾಗ ನುಡಿಸಿದೀನಿ. ನಾನು ಹೋಗಿ ಶಿಬಿರದಲ್ಲಿ ವಿದ್ಯಾರ್ಥಿ! ಐವತ್ತೆಂಟನೇ ವಯಸ್ಸಲ್ಲಿ! ಕತ್ತಿಗೆ ಹೆಸರಿನ ಚೀಟಿ ಬೇರೆ, ಕಳೆದುಹೋದ ಮಗುವಿಗೆ ಹಾಕೋ ಹಾಗೆ.

ಶಿಬಿರ ನಡೆಸೋಕೆ ಬಂದ ಆ ಮಹಾಗುರು! ಮೊದಲ ಎರಡು ದಿನ ಏನು ಕಲಿಸಿದ? ಕೂರೋದು! ಬೆಂಚಿನ ಮೇಲೆ ಕೂರೋದು! "ಸೊಂಟದಿಂದ ಯೋಚನೆ ಮಾಡಿ" ಅಂತಾನೆ. ಅವನ ತಲೆ! ಮೂರನೇ ದಿನ ಪೂರ್ತಿ ಪೆಡಲ್ ತುಳಿಯೋದು, ಬೆರಳ ತುದಿ, ಹಿಮ್ಮಡಿ, ಬೆರಳ ತುದಿ, ಹಿಮ್ಮಡಿ. ನಾಲ್ಕನೇ ದಿನ ಪೈಪಿಗೆ ಗಾಳಿ ಊದೋ ಮೋಟಾರೇ ಆರಿಸಿಬಿಟ್ಟು "ಈಗ ಮೌನ ಕೇಳಿಸಿಕೊಳ್ಳಿ" ಅಂದ. ಹನ್ನೊಂದು ಜನ ಕಣ್ಣು ಮುಚ್ಕೊಂಡು ಕೇಳಿದ್ದೇ ಕೇಳಿದ್ದು. ಆ ಹಲ್ಲಿನ ಡಾಕ್ಟರು ಗೊರಕೆ ಹೊಡೆದ ನೋಡು! ಅದಕ್ಕೂ ಮಹಾಗುರು "ಉಸಿರಿನ ಲಯ ಚೆನ್ನಾಗಿದೆ" ಅಂದ... ನಗ್ತಾ ಇದೀಯಾ? ಅಬ್ಬ, ನಕ್ಕಳಪ್ಪ ನಮ್ಮ ಹುಡುಗಿ!... ಇಲ್ವಾ. ಕೆಮ್ಮಿದೆಯಾ. ಸರಿ.

ನನ್ನನ್ನ ಬಿಟ್ನಾ ಅವನು? ಮೊದಲ ದಿನ ಕೂತ ತಕ್ಷಣ ನನ್ನ ಎಡಗೈ ಈ ಕೆಳಗಿನ ನಾಬಿಗೆ ಹೋಯ್ತು. ಎಳೆದೆ. ಒಂದೊಂದು ನಾಬಿಗೂ ಒಂದೊಂದು ವಾದ್ಯದ ದನಿ ಅಲ್ವಾ, "ಅದು ಯಾವ ದನಿ?" ಅಂದ. ಕೊಳಲು ಅಂದೆ. "ಅದರ ಪೈಪೇ ಒಳಗಿಲ್ಲವಲ್ಲ ಸ್ವಾಮಿ!" ಅಂದ. ಇಲ್ಲ, ನನಗೆ ಗೊತ್ತಿಲ್ವಾ? ಚಾವಣಿ ಸೋರಿ ಹಾಳಾಯ್ತು ಅಂತ ಇಪ್ಪತ್ತು ವರ್ಷದ ಹಿಂದೆ ಆ ಪೈಪುಗಳನ್ನ ಕಿತ್ತರು. ನಾಬು, ಅದರ ವೈರು ಮಾತ್ರ ಉಳೀತು. ಎಳೆದರೆ ಹೊರಗೆ ಬರತ್ತೆ, ಪಿಟ್ಟನ್ನಲ್ಲ. ಆದ್ರೆ ನನಗೆ ಕಲಿಸಿದ ಮೇಷ್ಟ್ರು ಮೊದಲು ಅದನ್ನೇ ಎಳೀತಿದ್ರು, ನಾನೂ ಎಳೀತೀನಿ. ಕೈ ತಾನಾಗೇ ಹೋಗತ್ತೆ, ನನ್ನ ಕೇಳಿ ಹೋಗತ್ತಾ? "ಇಲ್ಲಿ ಬೇರೆ ಯಾರಾದರೂ ಇದನ್ನ ಎಳೀತೀರಾ?" ಅಂತ ಒಬ್ಬೊಬ್ಬರನ್ನೇ ಕೇಳಿದ. ಎಲ್ಲ ಇಲ್ಲ ಇಲ್ಲ ಅಂತ ಘೊಳ್ಳಂತ ನಕ್ಕರು. ನೀನೂ ನಕ್ಕೆ. ಕರ್ಚೀಫ್ ಅಡ್ಡ ಹಿಡ್ಕೊಂಡು ನಕ್ಕೆ, ನೋಡಿದೆ ನಾನು... ಪರವಾಗಿಲ್ಲ ಬಿಡು. ಚಿಕ್ಕ ವಯಸ್ಸು, ನಗು ಬರತ್ತೆ. ನಾನು ಅವತ್ತೇ ಮರೆತುಬಿಟ್ಟೆ.

ಇದಕ್ಕೆಲ್ಲ ಕಾರಣ ಫಾದರ್! "ಕೊನೇ ದಿನದ ಕಚೇರೀಲಿ ನೀವಿಬ್ಬರೂ ನುಡಿಸಿ. ಗುರುಗಳು ಯಾರನ್ನ ಒಪ್ತಾರೋ ಅವರೇ ಮುಂದಿನ ಭಾನುವಾರದಿಂದ ಇಲ್ಲಿ ಕೂರ್ತಾರೆ." ಎಷ್ಟು ಸಲೀಸಾಗಿ ಹೇಳಿದ್ರು ನೋಡು, ಕರ್ಟನ್ ಬದಲಾಯಿಸೋ ಹಾಗೆ. ಮಾವನಿಗೂ ತಂಗಿ ಮಗಳಿಗೂ ಪೈಪೋಟಿ! ನನಗೇನು, ನಾನು ಬೆಂಚಿಗೆ ಅಂಟಿಕೊಂಡು ಕೂತಿದೀನಾ? ನೀನು ಕೂತರೆ ನನಗೇ ಹೆಮ್ಮೆ ಅಲ್ವಾ? ಎಲ್ಲರ ಹತ್ರಾನೂ ಹಾಗೇ ಹೇಳ್ದೆ. ನಿಮ್ಮ ಅತ್ತೆ ಹತ್ರಾನೂ ಹೇಳ್ದೆ. ಯಾಕೋ ಅವಳು ಮಾತ್ರ ಎದ್ದು ಪಾತ್ರೆ ತೊಳೆಯೋಕೆ ಹೋದಳು.

ಮತ್ತೆ ಈ ಯಂತ್ರ! ಕೈಯಲ್ಲಿ ನಾಬ್ ಎಳೆದು ನುಡಿಸೋ ಕಾಲದಲ್ಲಿ ಇಂಥ ಅನಾಹುತ ಆಗಿತ್ತಾ? ಈಗ ಬೇಕಾದ ನಾಬೆಲ್ಲ ಎಳಿ, 'ಸೆಟ್' ಒತ್ತು, ಒಂದು ಬಟನ್ ಒತ್ತು, ಅದು ನೆನಪಿಟ್ಕೊಳ್ಳತ್ತೆ. ಮುಂದಿನ ಸಲ ಬಟನ್ ಒತ್ತಿದ್ರೆ ಅವೇ ನಾಬು ತಾವಾಗೇ ಟಕಟಕ ಅಂತ ಹೊರಗೆ! ಒಬ್ಬೊಬ್ಬರದ್ದು ಇನ್ನೊಬ್ಬರದಕ್ಕೆ ಬೆರೀಬಾರದು ಅಂತ ಒಂದೊಂದು ನಂಬರು, ಆ ನಂಬರು ಹಾಕಿದ್ರೆ ಬಟನ್ನೆಲ್ಲ ಅವರದ್ದೇ. ನನ್ನದು ಐದು, ನಿನ್ನದು ಏಳು. ಮಹಾಗುರು ಮಗ್ಗಿ ಹೇಳ್ಕೊಡೋ ಹಾಗೆ ಹೇಳ್ಕೊಟ್ಟ. ಅದಕ್ಕೊಂದು ಬೀಗ ಇದೆಯಾ? ಇಲ್ಲ. ಯಾರು ಬೇಕಾದರೂ... ಅಂದ್ರೆ, ಕರೆಂಟ್ ಹೆಚ್ಚು ಕಮ್ಮಿ ಆದ್ರೂ ಸಾಕು, ಏನು ಬೇಕಾದರೂ ಆಗಬಹುದು ಅಂದೆ.

ನಿನ್ನೆ ಸಂಜೆ ಕಚೇರೀಲಿ ಎಷ್ಟು ಚೆನ್ನಾಗಿ ನುಡಿಸ್ತಿದ್ದೆ ಗೊತ್ತಾ ನೀನು? ಮೊದಲ ಬಟನ್ ಸರಿ, ಎರಡನೇದು ಸರಿ. ಆಮೇಲೆ ಆ ಮೆತ್ತನೆ ಭಾಗ ಬಂತು. ಇಡೀ ಚರ್ಚು ಉಸಿರು ಬಿಗಿ ಹಿಡ್ಕೊಂಡಿತ್ತು. ಮೂರನೇ ಬಟನ್ ಒತ್ತಿದೆ... ದೇವರೇ! ತುತ್ತೂರಿಗಳೆಲ್ಲ ಒಟ್ಟಿಗೆ ಬಡ್ಕೊಂಡ್ವಲ್ಲ! ಫಾದರ್ ಕನ್ನಡಕ ಕೆಳಗೆ, ಮುಂದಿನ ಸಾಲಿನ ಕೂಸು ಕಿಟಾರಂತ ಕಿರುಚ್ತು, ಹಲ್ಲಿನ ಡಾಕ್ಟರು ಎದ್ದೇ ನಿಂತ... ನಗು ಬರಲ್ವಾ? ನೆನಸ್ಕೊಂಡ್ರೆ ನನಗೆ... ಇಲ್ಲ. ನನಗೂ ಬರಲಿಲ್ಲ. ನೀನು ಎರಡೂ ಕೈ ತೊಡೆ ಮೇಲೆ ಇಟ್ಕೊಂಡೆ. ಮತ್ತೆ ಎತ್ತಲೇ ಇಲ್ಲ. ಬೆಂಚು ನನಗೇ ಉಳೀತು. ನಾಬು ಒಳಗೆ ತಳ್ಳಿ ಮುಂದೆ ಹೋಗ್ಬೇಕಿತ್ತು ಕಣೇ! ಹಾಗೇ ತಾನೇ ನಾನು ಕಲಿಸಿದ್ದು? ನೀನು ಮುಂದೆ ಹೋಗ್ತೀಯ ಅಂತಲೇ ಅಂದ್ಕೊಂಡಿದ್ದೆ. ಸ್ವಲ್ಪ ತಡವರಿಸಿ ಮುಂದೆ ಹೋಗ್ತೀಯ ಅಂತ...

ಅಂದ್ಕೊಂಡಿದ್ದೆ ಅಂದ್ರೆ... ಆಮೇಲೆ. ಶಬ್ದ ಕೇಳಿದ ಮೇಲೆ ಅಂದ್ಕೊಂಡೆ.

ನಾನಂತೂ ನಿನ್ನೆ ಮಧ್ಯಾಹ್ನ ಪೂರ್ತಿ ಮನೇಲಿದ್ದೆ. ಊಟ ಮಾಡಿ ಒಂದು ಗಂಟೆ ಅಡ್ಡಾಗಿದ್ದೆ. ಬೇಕಾದ್ರೆ ನಿಮ್ಮ ಅತ್ತೇನ ಕೇಳು. ಯಾಕೆ ಹಾಗೆ ನೋಡ್ತೀಯ? ಹೌದು, ನೀನು ಕೇಳ್ಲಿಲ್ಲ. ನಾನೇ ಹೇಳ್ದೆ. ಹೇಳ್ಬಾರದಾ?

ಈಗ ಮೋಟಾರು ಯಾಕೆ ಹಾಕ್ತಿದೀಯ? ಇವತ್ತು ಪ್ರಾರ್ಥನೆ ಇಲ್ಲ... ನುಡಿಸ್ತೀಯಾ? ನುಡಿಸು, ನುಡಿಸು, ಮನಸ್ಸು ಹಗುರ ಆಗತ್ತೆ. ನನ್ನ ನಂಬರಲ್ಲೇ ನುಡಿಸು, ಐದು ಹಾಕು... ಏಳು ಯಾಕೆ? ಅದನ್ನ ಅಳಿಸಿಲ್ವಾ? ಹೊರಡೋ ಮುಂಚೆ ಎಲ್ಲರದ್ದೂ ಅಳಿಸ್ತೀನಿ ಅಂದಿದ್ದನಲ್ಲ ಆ ಮಹಾಗುರು! ಅಷ್ಟೊಂದು ಮೌನ ಕೇಳಿಸ್ಕೊಳ್ಳೋಕೆ ಬರತ್ತೆ, ಒಂದು ಮೆಮೊರಿ ಅಳಿಸೋಕೆ ಬರಲ್ಲ! ಬೇಡ ಪುಟ್ಟೀ. ಮೂರನೇದು ಒತ್ತಬೇಡ. ಸುಮ್ನೆ ಗಾಯ ಕೆರೆದ ಹಾಗೆ...

ಒತ್ತಿದೆ.

ನೋಡಿದ್ಯಾ? ತುತ್ತೂರಿ... ಅದರ ಪಕ್ಕದ್ದು... ಅದೂ. ಎಲ್ಲ ಬಂದ್ವು. ನಾನು ಹೇಳಲಿಲ್ವಾ, ಯಂತ್ರದ ಹುಚ್ಚಾಟ! ಯಂತ್ರಕ್ಕೆ ಮನುಷ್ಯರ ಹಾಗೆ... ಏನು ನೋಡ್ತಿದೀಯ? ಆ ಕಡೆ ಏನಿದೆ? ಎಡಗಡೆ ಕೆಳಗೆ...

ಓ.

ಅದೂ ಬಂದಿದೆ.

...ಕೊಳಲು.

ಅದು ಯಾರೋ... ಹಲ್ಲಿನ ಡಾಕ್ಟರು ಇರಬಹುದು, ಅವನಿಗೆ ತಲೆಬುಡ ಗೊತ್ತಾಗಲ್ಲ, ಕೈಗೆ ಸಿಕ್ಕಿದ್ದೆಲ್ಲ ಎಳೀತಾನೆ... ಏನಾದರೂ ಮಾತಾಡೇ. ಇಷ್ಟು ಹೊತ್ತಿಂದ ನಾನೊಬ್ಬನೇ ಬಾಯಿ ಬಡ್ಕೋತಾ ಇದೀನಿ. ನಿನಗೆ ಗೊತ್ತಿತ್ತಾ? ಬೆಳಿಗ್ಗೆ ಬಂದು ನೋಡಿದ್ಯಾ? ನೋಡಿಯೇ ಬಂದು ಮೆಟ್ಟಿಲಲ್ಲಿ ನಿಂತಿದ್ಯಾ? ಎಲ್ಲ ಗೊತ್ತಿದ್ದೂ ನನ್ನ ಇಷ್ಟು ಹೊತ್ತು ಮಾತಾಡೋಕೆ ಬಿಟ್ಯಲ್ಲ...

ಅದನ್ನ ಎಳೆದಿದ್ದೇ ನನಗೆ ಗೊತ್ತಿಲ್ಲ ಕಣೇ, ಆಣೆಗೂ. ಮಿಕ್ಕಿದ್ದೆಲ್ಲ ಬೇಕಂತ ಎಳೆದೆ. ಒಂದೊಂದೇ ಆರಿಸಿ ಎಳೆದೆ. ಹೆದರಿಕೆ ಕಣೇ. ಭಾನುವಾರ ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗ್ಲಿ? ಕೆಳಗೆ, ಆ ಬೆಂಚುಗಳಲ್ಲಿ ಎಲ್ಲರ ಜೊತೆ ಕೂತು ತಲೆ ಎತ್ತಿ ನೀನು ನುಡಿಸೋದನ್ನ ಕೇಳ್ಲಾ? ಕೇಳಬಹುದಿತ್ತು. ನೀನು ಎಷ್ಟು ಚೆನ್ನಾಗಿ ನುಡಿಸ್ತಿದ್ದೆ, ಕೇಳಬಹುದಿತ್ತು. ಹೊಟ್ಟೆಕಿಚ್ಚು, ಮತ್ತೇನು!

ಫಾದರ್ ಬರ್ತಿದಾರೆ, ಮೆಟ್ಟಿಲು ಸದ್ದಾಗ್ತಿದೆ. ಪುಟ್ಟೀ, ಆ ನಾಬ್ ಒಂದನ್ನ ಒಳಗೆ ತಳ್ಳೇ. ಅದೊಂದನ್ನ. ನಿನ್ನ ಕಾಲು ಹಿಡ್ಕೋತೀನಿ.

ಯಾಕೆ ಎದ್ದೆ? ಏನು ಮಾಡ್ತಿದೀಯ... ಸೆರಗಲ್ಲಿ ಬೆಂಚು ಯಾಕೆ ಒರೆಸ್ತಿದೀಯ? ಚಿಕ್ಕವಳಿದ್ದಾಗ ನಾನು ಬರೋ ಮುಂಚೆ ಒರೆಸ್ತಿದ್ದೆ, ಹಾಗೇ... ಕೂತ್ಕೋ ಅಂತ ಕೈ ತೋರಿಸ್ತಿದೀಯಾ? ನಾನಾ?

ಬೇಡ ಕಣೇ. ಬೇಕಾದ್ರೆ ಎರಡು ಬಿಗಿ ಕಪಾಳಕ್ಕೆ. ಫಾದರ್ ಎದುರಿಗೇ ಬಿಗಿ. ಅಲ್ಲಿ ಮಾತ್ರ ಕೂರಿಸಬೇಡ.