ಕೊಡಪಾನದ ಸೌಂಡು

ಒಂದು ಸಂಸಾರದ ನೆಮ್ಮದಿಗೆ ಸಂಬಂಧಿಸಿದ ಗಹನವಾದ ಪ್ರಶ್ನೆಯೊಂದು ಅರಸೀಕೆರೆಯ ಟಿವಿ ಅಂಗಡಿಯಲ್ಲಿ ಇತ್ಯರ್ಥವಾದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಗಂಡಹೆಂಡತಿಯ ಮುಂದೆ ಟಿವಿಗೆ ಸಿಗಿಸಿ ಆಡುವ ಎರಡು ವಿಡಿಯೋ ಗೇಮ್‌ಗಳಿದ್ದವು, ಹಳೇ ಮಾಡೆಲ್ ಒಂದು, ಹೊಸದೊಂದು.

"ಹಳೇದೇ ಇರ್ಲಿ ಕಣೇ. ಬೇರೆ ಸ್ಪೀಕರ್ ಸಿಗಿಸೋಕೆ ಇದ್ರಲ್ಲಿ ತೂತಿದೆ."

"ಆ ಸ್ಪೀಕರ್ ಎಲ್ಲಿಡ್ತೀರ?"

"ಕೊಡಪಾನದೊಳಗೆ. ಸೌಂಡು ಗುಂಯ್ ಅಂತ ತುಂಬ್ಕೊಂಡು ಬರುತ್ತೆ."

"ನಲ್ಲಿ ಬಂದಾಗ ನೀರು ಯಾತ್ರಲ್ಲಿ ಹಿಡೀಲಿ?"

"ಬಕೆಟ್ ಇದ್ಯಲ್ಲ."

"ಅದ್ರೊಳಗೆ ನಿಮ್ಮ ಟೇಪ್ ರೆಕಾರ್ಡರ್ ಸ್ಪೀಕರ್ ಕೂತಿದೆ, ಯುಗಾದಿಯಿಂದ."

"ಪ್ಲಾಸ್ಟಿಕ್ಕಲ್ಲಿ ಸೌಂಡು ಸರಿ ಬರಲ್ಲ. ಅದಕ್ಕೇ ಹಿತ್ತಾಳೆ ಅಂದಿದ್ದು."

"ರೀ, ಆ ಕೊಡಪಾನ ನಮ್ಮಮ್ಮ ಕೊಟ್ಟಿದ್ದು."

"ಗೊತ್ತು ಕಣೇ. ಒಳ್ಳೇ ದಪ್ಪ ಹಿತ್ತಾಳೆ."

ಆಕೆ ಅಂಗಡಿಯವನ ಕಡೆ ತಿರುಗಿದಳು.

"ಅಣ್ಣ, ಹೊಸದ್ರಲ್ಲಿ ಸ್ಪೀಕರ್ ತೂತಿಲ್ಲ ತಾನೆ?"

"ಇಲ್ಲಕ್ಕ. ಟಿವಿಯಲ್ಲಿ ಬಂದಷ್ಟೇ ಸೌಂಡು."

"ಅದನ್ನೇ ಕಟ್ಕೊಡಿ."

ಹೊಸ ಮಾಡೆಲನ್ನು ಕಂಕುಳಲ್ಲಿಟ್ಟುಕೊಂಡು ಆಕೆ ಮುಂದೆ ನಡೆದಳು, ಆತ ಹಿಂದೆ. ಇಬ್ಬರೂ ಬೇಲೂರು ಬಸ್ಸು ಹತ್ತಿದರು.