ಹೊಸಬರಿಗೆ ನಾನು ಹಾಕಿದ ಮತ

ಈ ಅಭಿನಂದನಾ ಸಭೆಯ ಅಧ್ಯಕ್ಷರೇ, ನಮ್ಮ ಪಂಚಾಯಿತಿಯ ನೂತನ ಅಧ್ಯಕ್ಷರಾದ ಮೋಹನ್‌ಬಾಬು ಅವರೇ, ಹಿಂದಿನ ಅಧ್ಯಕ್ಷರೂ ಹಿರಿಯರೂ ಆದ ಮುನಿನಾರಾಯಣಪ್ಪನವರೇ, ಬಿಸಿಲಿಗೂ ಜಗ್ಗದೆ ಕುಳಿತಿರುವ ಸಭಿಕರೇ,

ಅಧ್ಯಕ್ಷರನ್ನು ಆರಿಸುವಾಗ ಬೇಕಾದದ್ದು ಅನುಭವವೋ ಬದಲಾವಣೆಯೋ? ಈ ಬಗ್ಗೆ ಸದಸ್ಯೆಯಾದ ನಾನು ನಾಲ್ಕು ಮಾತಾಡಬೇಕಂತೆ. ನಾಲ್ಕೇ ಮಾತು. ಒಳಗೆ ಸಾರು ಆರುತ್ತಿರುವುದು ನನಗೂ ಗೊತ್ತು.

ಅಧ್ಯಕ್ಷರನ್ನು ಆರಿಸುವವರು ನಾವು ಹದಿನೇಳು ಸದಸ್ಯರು. ಹಿಂದಿನ ಸಲ ನಾನು ಅನುಭವಕ್ಕೆ ಮತ ಹಾಕಿದೆ. ಮತ ಕೈತಪ್ಪಬಾರದೆಂದು ಮುನಿನಾರಾಯಣಪ್ಪನವರು ನಮ್ಮನ್ನು ಟೆಂಪೋ ಹತ್ತಿಸಿ, ಫೋನ್ ಇಸಿದುಕೊಂಡು, ಐದು ದಿನ ದೇವಸ್ಥಾನ ಸುತ್ತಿಸಿದರು. ದರ್ಶನವಾಯಿತು, ನಮ್ಮ ಬೀದಿಗೆ ನೀರು ಮಾತ್ರ ಬರಲಿಲ್ಲ. ಸಾಕಪ್ಪಾ ಎಂದು ಈ ಸಲ ಬದಲಾವಣೆಯ ಕಡೆ ಹೋದೆ. ಬದಲಾವಣೆ ಎಂದರೆ ಎ.ಸಿ. ಬಸ್ಸು, ಸಮುದ್ರದ ಪಕ್ಕದ ರೆಸಾರ್ಟು. ಫೋನ್ ಈ ಸಲವೂ ಇಸಿದುಕೊಂಡರು. ನಗಿ, ಪರವಾಗಿಲ್ಲ. ಅಲ್ಲಿ ನಾನೂ ನಕ್ಕೆ.

ಹೊರಟಾಗ ಅಮ್ಮನಿಗೆ ಜ್ವರವಿತ್ತು. "ಹೋಗ್ಬಿಟ್ಟು ಬಾರಮ್ಮ, ಹೊಸಬ್ರು ಬಂದ್ರಾದ್ರೂ ನೀರು ಬರ್ತದೇನೋ" ಎಂದಳು. ಪಕ್ಕದ ಮನೆಯ ಶ್ಯಾಮಲಮ್ಮನಿಗೆ ಒಪ್ಪಿಸಿ ಬಸ್ಸು ಹತ್ತಿದೆ. ನಾಲ್ಕನೇ ದಿನ ಅಮ್ಮ ತೀರಿಹೋದಳು. ಶ್ಯಾಮಲಮ್ಮ ನಮ್ಮ ಜೊತೆಗಿದ್ದ ಮೋಹನ್‌ಬಾಬು ಅವರಿಗೇ ಫೋನ್ ಮಾಡಿ ತಿಳಿಸಿದಳು.

ಮಾರನೆಯ ದಿನ ಬಸ್ಸು ನೇರ ಪಂಚಾಯಿತಿ ಕಚೇರಿಗೆ ಬಂತು. ಮತ ಹಾಕಿದೆ. ಒಂಬತ್ತಕ್ಕೆ ಎಂಟು, ಒಂದೇ ಮತದ ಗೆಲುವು! ಹಾರ ಹಾಕಿದೆ, ಚಪ್ಪಾಳೆ ತಟ್ಟಿದೆ. ಆಮೇಲೆ ಮೋಹನ್‌ಬಾಬು ಅವರು ನನ್ನನ್ನು ಪಕ್ಕಕ್ಕೆ ಕರೆದು, "ರೂಪಕ್ಕ, ನಿಮ್ಮಮ್ಮ ಹೋಗಿದ್ದು ನಿನ್ನೇನೇ ಗೊತ್ತಾಯ್ತು. ನೀವು ಹೊರಟುಬಿಟ್ರೆ ನಮ್ಮ ಕಥೆ ಮುಗೀತು ಅಂತ ಹೇಳ್ಲಿಲ್ಲ" ಎಂದರು.

ಮನೆಗೆ ಓಡಿದೆ. ಅಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. "ಫೋನಲ್ಲಿ ಬರ್ತಾರೆ ಅಂದ್ರು, ಕಾದ್ವಿ ಕಣಮ್ಮ. ಈ ಬೇಸಿಗೇಲಿ ಎಷ್ಟೊತ್ತು ಇಟ್ಕೊಳ್ಳೋಕಾಗ್ತದೆ?" ಎಂದು ಶ್ಯಾಮಲಮ್ಮ ಅತ್ತಳು.

ಕ್ಷಮಿಸಿ, ಅಭಿನಂದನಾ ಸಭೆಯಲ್ಲಿ ಆಡುವ ಮಾತಲ್ಲ ಇದು. ನಾನು ಬರೆದುಕೊಂಡು ಬಂದದ್ದೇ ಬೇರೆ. ಮೋಹನ್‌ಬಾಬು ಅವರನ್ನು ದೂರಿ ಏನು ಪ್ರಯೋಜನ? ಮುನಿನಾರಾಯಣಪ್ಪನವರಾಗಿದ್ದರೂ ಇದನ್ನೇ ಮಾಡುತ್ತಿದ್ದರು. ಇವರು ಕಲಿತದ್ದು ಅವರಿಂದಲೇ ತಾನೆ? ನನ್ನ ಸಂಕಟ ಬೇರೆ. ಸುದ್ದಿ ರೆಸಾರ್ಟಿನಲ್ಲೇ ನನ್ನ ಕಿವಿಗೆ ಬಿದ್ದಿದ್ದರೆ, ಮತ ಬಿಟ್ಟು ಹೊರಡುತ್ತಿದ್ದೆನೇ? ಹೊರಡುತ್ತಿದ್ದೆ ಎಂದು ದಿನವೂ ಅಮ್ಮನ ಫೋಟೋ ಮುಂದೆ ನಿಂತು ಹೇಳಲು ನೋಡುತ್ತೇನೆ. ನಾಲಿಗೆ ಏಳುವುದಿಲ್ಲ.

ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.